ಮೂಡಕ್ಕೊಂದು ಡಿಶ್, ಪಡುವಕ್ಕೊಂದು ಡಿಶ್

2019ರ ಜನವರಿ ಕೊನೆಯ ವಾರ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಮನೆಗೆ ಕೇಬಲ್ ಹುಡುಗ ಒಂದು ಉದ್ದದ ಫಾರಂ ಹಿಡಿದುಕೊಂಡು ಬಂದ. ಫೆಬ್ರವರಿ 1ರಿಂದ ಫೋನು, ಕೇಬಲ್‌ಗೆಲ್ಲ ನಿಯಮ ಮಾಡುವ ಸರಕಾರದ ಟ್ರಾಯ್‌ನವರ ಹೊಸ ನಿಯಮ. ಯಾವ ಚಾನೆಲ್ ಬೇಕೋ ಅದಕ್ಕೆ ಮಾತ್ರ ದುಡ್ಡು. ನೂರು ಚಾನೆಲ್‌ಗೆ 130 ರೂಪಾಯಿ, ಜಿಎಸ್‌ಟಿ ಸೇರಿದರೆ 153 ಚಿಲ್ಲರೆ. ಅದರ ಮೇಲೆ ದುಡ್ಡಿನ ಚಾನೆಲ್‌ಗಳಿಗೆ ಒಂದೊಂದಕ್ಕೆ ಒಂದೊಂದು ರೇಟು. ಗುರುತು ಹಾಕಿ ಇಡಿ, ನಾಳೆ ಬರ್ತೀನಿ ಅಂತ ಮರಾಠಿಯಲ್ಲಿ ಹೇಳಿ ಹೋದ.

ರಾತ್ರಿ ಊಟ ಆದ ಮೇಲೆ ಐದು ಜನವೂ ಆ ಫಾರಂ ಸುತ್ತ ಕೂತೆವು. ಅತ್ತೆಗೆ ಕನ್ನಡದ್ದು ಎಲ್ಲಾ ಬೇಕು. ಹತ್ತನೆಯ ಪರೀಕ್ಷೆ ತಲೆ ಮೇಲೆ ಇಟ್ಟುಕೊಂಡ ಮಗನಿಗೆ ಸ್ಪೋರ್ಟ್ಸ್ ಬೇಕು. ಇವರಿಗೆ ಸುದ್ದಿ, ಅದೂ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ. ಒಂದೇ ಸುದ್ದಿಯನ್ನು ಮೂರು ಸಲ ಕೇಳದಿದ್ದರೆ ಇವರಿಗೆ ನಂಬಿಕೆ ಬರುವುದಿಲ್ಲ. ನನಗೆ ಅಡುಗೆ ಮಾಡುವಾಗ ಹಳೆ ಹಾಡು ಕೇಳಿಸಿದರೆ ಸಾಕು. ಮಗಳು ಮಾತ್ರ ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು, "ಅರೇಬಿಕ್ ಒಂದೂ ಇಲ್ವಾ?"

ಮಾರನೆಯ ದಿನ ಹುಡುಗನನ್ನೇ ಕೇಳಿದೆ. "ತೇ ನಾಹೀ ಆಪಲ್ಯಾಕಡೆ, ಕಾಕೂ" ಅಂದ, ಅದು ನಮ್ಮಲ್ಲಿ ಇಲ್ಲ ಅಂತ. ಆಮೇಲೆ ಗೋಡೆ ಮೇಲಿನ ಕೊಲ್ಲೂರು ಮೂಕಾಂಬಿಕೆಯ ಫೋಟೊ ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಹದಿಮೂರು ವರ್ಷ ನಾವು ಇದರ ಉಲ್ಟಾ ಪಾಡು ಪಟ್ಟವರು ಅಂತ ಅವನಿಗೆ ಹೇಗೆ ಹೇಳಲಿ?

ನಮ್ಮದು ಕುಂದಾಪುರದ ಕಡೆ. ಮಾವ ಮುಂಬಯಿ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಂಡಿದ್ದವರು. ಡೊಂಬಿವಲಿಯ ಈ ಮನೆ ಅವರು ಮಾಡಿದ್ದು. 2001ರಲ್ಲಿ ಇವರಿಗೆ ಒಮಾನ್ ದೇಶದ ಮಸ್ಕತ್‌ನ ಒಂದು ಎಸಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ವರ್ಷದ ಮಗಳನ್ನು ಎತ್ತಿಕೊಂಡು ನಾನೂ ಹೋದೆ. ರುವಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮೊದಲಿದ್ದವರು ಬಿಟ್ಟು ಹೋದ ಒಂದು ಡಬ್ಬಾ ಟಿವಿ, ಒಂದು ರಿಸೀವರ್.

ತಾರಸಿ ಮೇಲೆ ಬಟ್ಟೆ ಒಣಗಿಸಲು ಹೋದಾಗ ಮೊದಲು ಕಂಡದ್ದೇ ಡಿಶ್‌ಗಳು. ಹೋಟೆಲಿನಲ್ಲಿ ತಟ್ಟೆ ತೊಳೆದು ನೀರು ಸೋರಲು ನಿಲ್ಲಿಸುತ್ತಾರಲ್ಲ, ಹಾಗೆ ಸಾಲಾಗಿ. ಎಲ್ಲವೂ ಪಡುವ ದಿಕ್ಕಿಗೆ ಮುಖ ಮಾಡಿದ್ದವು. ಅರಬ್ ದೇಶಗಳ ಚಾನೆಲ್ ಹೊತ್ತ ಅರಬ್‌ಸ್ಯಾಟ್ ಉಪಗ್ರಹ 26 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಈಜಿಪ್ಟಿನವರ ನೈಲ್‌ಸ್ಯಾಟ್ ಇನ್ನೂ ಆಚೆ, 7 ಡಿಗ್ರಿ ಪಶ್ಚಿಮದಲ್ಲಿ. ಮಸ್ಕತ್ ಇರುವುದು 58 ಡಿಗ್ರಿಯಲ್ಲಿ. ಹಾಗಾಗಿ ಎರಡೂ ಪಡುವಕ್ಕೇ. ನೈಲ್‌ಸ್ಯಾಟ್‌ನ ಡಿಶ್ ಅಂತೂ ಆಕಾಶ ನೋಡುವುದೇ ಇಲ್ಲ, ಪಕ್ಕದ ಮನೆಯ ಗೋಡೆಯನ್ನೇ ನೋಡುತ್ತಿರುತ್ತದೆ. ಇದೆಲ್ಲ ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಗಲೇಬೇಕಾಯಿತು.

ಟಿವಿ ಹಾಕಿದರೆ ನೂರಾರು ಚಾನೆಲ್, ಎಲ್ಲವೂ ಪುಕ್ಕಟೆ, ಎಲ್ಲವೂ ಅರೇಬಿಕ್. ಇವರು ಬೆಳಗ್ಗೆ ಏಳಕ್ಕೆ ಹೋದರೆ ಬರುವುದು ರಾತ್ರಿ. ನಾನೂ ಮಗುವೂ ಟಿವಿಯೂ. ಮೊದಲ ಎರಡು ತಿಂಗಳು ಅದು ಮನೆಯಲ್ಲಿ ಜನ ಇದ್ದಾರೆ ಅನ್ನಿಸಲಿ ಅಂತ ಹಾಕಿಡುವ ಸದ್ದು, ಅಷ್ಟೇ. ಗುರುವಾರ ರಾತ್ರಿ ಮಾತ್ರ ಹಬ್ಬ. ಆಗ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. 2013ರ ಮೇ ತಿಂಗಳಲ್ಲಷ್ಟೇ ಅದು ಶುಕ್ರವಾರ, ಶನಿವಾರ ಆಯಿತು. ಗುರುವಾರ ರಾತ್ರಿ ಯಾವುದಾದರೂ ಚಾನೆಲ್‌ನಲ್ಲಿ ಹಿಂದಿ ಸಿನಿಮಾ ಸಿಗುತ್ತಿತ್ತು, ಕೆಳಗೆ ಅರೇಬಿಕ್ ಅಕ್ಷರ. ಹೀರೊ "ಕ್ಯೂಂ" ಅಂದಾಗಲೆಲ್ಲ ಅದೇ ಒಂದು ಗೆರೆ ಬರುತ್ತದೆ ಅಂತ ಗಮನಿಸಿ, ಅದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಪಕ್ಕದ ಮನೆಯ ಒಮಾನಿ ಅಜ್ಜಿಗೆ ತೋರಿಸಿದರೆ "ಲಿಮಾದಾ" ಅಂತ ಓದಿ, ನಕ್ಕು, ಹಿಂದಿಯಲ್ಲೇ "ಕ್ಯೂಂ" ಅಂದರು. ಅವರು ಬಲೂಚಿ ಮೂಲದವರು, ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಮುಂಬಯಿಯಿಂದ ಬಂದವಳಿಗೆ ಹಿಂದಿ ತಿದ್ದಲು ಮಸ್ಕತ್‌ನಲ್ಲಿ ಒಬ್ಬರು ಸಿಕ್ಕರು ನೋಡಿ! ನಾನು ಅರೇಬಿಕ್ ಓದಲು ಕಲಿತದ್ದು ಹೀಗೆ, ಸಿನಿಮಾದಿಂದ ಸಿನಿಮಾಕ್ಕೆ.

ಪ್ರತಿ ಚಳಿಗಾಲಕ್ಕೆ ಅತ್ತೆ ವಿಸಿಟ್ ವೀಸಾದಲ್ಲಿ ಬರುತ್ತಿದ್ದರು. ಡೊಂಬಿವಲಿಯಲ್ಲಿ ಮೈದುನನ ಜೊತೆ ಒಂಬತ್ತು ತಿಂಗಳು, ನಮ್ಮ ಜೊತೆ ಮೂರು ತಿಂಗಳು. ಅವರಿಗೆ ಕುಂದಾಪುರದ ಕನ್ನಡ, ಕೆಲಸಕ್ಕೆ ಬೇಕಾದಷ್ಟು ಮರಾಠಿ, ಬಿಟ್ಟರೆ ಬೇರೆ ಇಲ್ಲ. ಆದರೆ ಅರೇಬಿಕ್ ಟಿವಿಗೆ ನಮಗಿಂತ ಬೇಗ ಹೊಂದಿಕೊಂಡವರು ಅವರೇ. ಸಂಜೆ ಒಮಾನ್ ಟಿವಿಯಲ್ಲಿ ಕಾರ್ಯಕ್ರಮ ನಿಂತು ಮಗ್ರಿಬ್ ಆಜಾನ್ ಬರುತ್ತದೆ. ಸೂರ್ಯ ಮುಳುಗುವ ಹೊತ್ತು ಅಲ್ವಾ? ಅತ್ತೆ ಆಜಾನ್ ಕೇಳಿದ ಕೂಡಲೇ ಎದ್ದು ಕಾಲು ತೊಳೆದು ದೇವರಿಗೆ ದೀಪ ಹಚ್ಚುತ್ತಿದ್ದರು. "ಗಡಿಯಾರ ಎಂತಕ್ಕೆ, ಟಿವಿಯವರೇ ಹೇಳ್ತಾರಲ್ಲ" ಅನ್ನುತ್ತಿದ್ದರು.

ಅವರಿಗೆ ತುಂಬಾ ಸೇರಿದ್ದು ಒಂಟೆ ಓಟ. ಒಮಾನಿನ ಚಾನೆಲ್‌ನಲ್ಲೂ ಎಮಿರೇಟ್ಸ್‌ನ ಚಾನೆಲ್‌ನಲ್ಲೂ ಚಳಿಗಾಲ ಪೂರ್ತಿ ಬರುತ್ತದೆ. ಉದ್ದದ ಮರಳ ದಾರಿ, ಬೇಲಿಯ ಒಳಗೆ ಕತ್ತು ಚಾಚಿ ಓಡುವ ಒಂಟೆಗಳು, ಬೇಲಿಯ ಹೊರಗೆ ಅದೇ ಸ್ಪೀಡಿನಲ್ಲಿ ಓಡುವ ದೊಡ್ಡ ದೊಡ್ಡ ಕಾರುಗಳು. ಮೊದಲು ಒಂಟೆ ಮೇಲೆ ಸಣ್ಣ ಹುಡುಗರನ್ನು ಕೂರಿಸುತ್ತಿದ್ದರು. ಅದಕ್ಕೆ ಎಲ್ಲ ಕಡೆಯಿಂದ ಬೈಗಳು ಬಂದು, 2005ರ ಹೊತ್ತಿಗೆ ಕತಾರ್‌ನಲ್ಲೂ ಎಮಿರೇಟ್ಸ್‌ನಲ್ಲೂ ಹುಡುಗರ ಬದಲು ರೋಬೋಟ್ ಬಂತು. ಬೆನ್ನ ಮೇಲೆ ಪುಟ್ಟ ಪೆಟ್ಟಿಗೆ, ಅದಕ್ಕೊಂದು ಬಣ್ಣದ ಅಂಗಿ, ಗಿರಗಿರ ತಿರುಗುವ ಚಾಟಿ. ಮಾಲೀಕ ಕಾರಿನಲ್ಲಿ ಕೂತು ವಾಕಿಟಾಕಿಯಲ್ಲಿ ಕೂಗಿದರೆ ಒಂಟೆಯ ಕಿವಿಯ ಹತ್ತಿರ ಅವನ ಧ್ವನಿ ಕೇಳುತ್ತದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ತೀರ್ಪು ಕೊಟ್ಟರು, "ಕಂಬಳದಲ್ಲಿ ಕೋಣ ಓಡಿಸುವವ ಕೆಸರಲ್ಲಿ ತಾನೂ ಓಡ್ತಾನೆ. ಇವ್ರದ್ದು ಎಂತ ಓಟ ಮಾರಾಯ್ತಿ, ಎಸಿ ಹಾಕ್ಕೊಂಡು!" ಆದರೂ ಒಂದು ಓಟವನ್ನೂ ಬಿಡಲಿಲ್ಲ.

ಮಗಳಿಗೆ ನಾಲ್ಕೈದು ವರ್ಷ ಆಗುವಷ್ಟರಲ್ಲಿ ಟಿವಿ ಅವಳ ಕೈಗೆ ಹೋಗಿತ್ತು. ಸ್ಪೇಸ್‌ಟೂನ್ ಅಂತ ಮಕ್ಕಳ ಚಾನೆಲ್, 2000ದಲ್ಲಿ ಶುರುವಾದದ್ದು. ಜಪಾನಿನ ಕಾರ್ಟೂನ್‌ಗಳು ಅರೇಬಿಕ್‌ಗೆ ಡಬ್ ಆಗಿ ಬರುತ್ತಿದ್ದವು. ಅವಳು ನೋಡುತ್ತಾ ನೋಡುತ್ತಾ ಮಾತು ಕಲಿತಳು. ನಮಗೆ ಹೆಮ್ಮೆ. ಒಂದು ದಿನ ಪಕ್ಕದ ಮನೆಯ ಮೊಮ್ಮಗನ ಜೊತೆ ಆಡುತ್ತಾ ಸೋತುಹೋದಳು. ಸೋತ ಸಿಟ್ಟಿಗೆ ಕೈ ಎತ್ತಿ "ತಬ್ಬನ್ ಲಕ!" ಅಂತ ಕೂಗಿದಳು. ಆ ಅಜ್ಜಿ ಬಾಗಿಲಲ್ಲೇ ಕುಸಿದು ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಗಾಬರಿ, ಏನೋ ಕೆಟ್ಟ ಮಾತು ಇರಬೇಕು ಅಂತ.

ವಿಷಯ ಏನಂದರೆ, ಕಾರ್ಟೂನ್‌ಗಳು ಡಬ್ ಆಗುವುದು ಗ್ರಾಂಥಿಕ ಅರೇಬಿಕ್‌ನಲ್ಲಿ, ಫುಸ್ಹಾ ಅನ್ನುತ್ತಾರೆ. ಮೊರಾಕ್ಕೊದಿಂದ ಒಮಾನಿನವರೆಗೆ ಎಲ್ಲ ಮಕ್ಕಳಿಗೂ ಒಂದೇ ಭಾಷೆ ಸಾಕಲ್ಲ ಅಂತ. ಆದರೆ ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. "ತಬ್ಬನ್ ಲಕ" ಅಂದರೆ ಹೆಚ್ಚುಕಡಿಮೆ "ನಿನಗೆ ಧಿಕ್ಕಾರ". ಯಕ್ಷಗಾನ ನೋಡಿ ಕನ್ನಡ ಕಲಿತ ಮಗು ಗೋಲಿ ಆಟದಲ್ಲಿ ಸೋತು "ಎಲವೋ ದುರುಳ, ನಿನ್ನ ಅಟ್ಟಹಾಸ ಸಾಕು ಮಾಡು" ಅಂದರೆ ಹೇಗಿರುತ್ತದೆ? ಹಾಗೆ. ಅವತ್ತಿನಿಂದ ಆ ಬೀದಿಯಲ್ಲಿ ಅವಳಿಗೆ "ನ್ಯೂಸ್ ಓದುವ ಹುಡುಗಿ" ಅಂತಲೇ ಹೆಸರು. ಅಂಗಡಿಗೆ ಹೋಗಿ ಮೊಸರು ಕೇಳಿದರೂ ಅಂಗಡಿಯವನು ಇನ್ನೊಮ್ಮೆ ಹೇಳಮ್ಮಾ ಅನ್ನುತ್ತಿದ್ದ.

ನಗು ಎಲ್ಲ ಮುಗಿದ ಮೇಲೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಅರೇಬಿಕ್‌ನಲ್ಲಿ ಬೈಯಲು ಬರುತ್ತದೆ, ಕನ್ನಡದಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಮಕ್ಕಳಿಗೆ ಹಾಕಿ ಕೊಡೋಣ ಅಂದರೆ ಆಗ ಕಾರ್ಟೂನೇ ಇರಲಿಲ್ಲ. ಡಬ್ಬಿಂಗ್ ಬೇಡ ಅಂತ ನಮ್ಮ ಚಿತ್ರರಂಗದವರು ದಶಕಗಳಿಂದ ಕೂತಿದ್ದರು. ಮಕ್ಕಳಿಗೆ ಅಂತ ಚಿಂಟು ಟಿವಿ ಬಂದದ್ದು 2009ರಲ್ಲಿ. ಡಬ್ಬಿಂಗ್ ಬೇಡ ಅನ್ನುವುದರ ಹಿಂದೆ ಕಾರಣಗಳು ಇರಬಹುದು, ನಮ್ಮ ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಆದರೆ ಮರುಭೂಮಿಯಲ್ಲಿ ಮಗು ಸಾಕುವವಳಿಗೆ ಆ ವಾದ ಅಷ್ಟು ರುಚಿಸುವುದಿಲ್ಲ, ಸುಳ್ಳು ಯಾಕೆ ಹೇಳಲಿ.

ಆಗ ಶುರುವಾದದ್ದು ಕನ್ನಡದ ಹುಡುಕಾಟ. ಮಸ್ಕತ್‌ನಲ್ಲಿ ದುಡ್ಡು ಕೊಟ್ಟರೆ ಹಿಂದಿ ಚಾನೆಲ್‌ಗಳು ಬರುತ್ತಿದ್ದವು, ಮಲಯಾಳಂ ಬರುತ್ತಿತ್ತು. ಕನ್ನಡ ಕೇಳಿದರೆ ಅಂಗಡಿಯವನು "ಕೆನಡಾ?" ಅನ್ನುತ್ತಿದ್ದ. ಯುಗಾದಿ ಊಟಕ್ಕೆ ಸೇರಿದಾಗ ಒಬ್ಬರು ಹೇಳಿದರು, 2004ರ ಡಿಸೆಂಬರಿನಲ್ಲಿ ದೂರದರ್ಶನದವರು ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರು ಮಾಡಿದ್ದಾರೆ, ತಿಂಗಳ ಬಾಡಿಗೆ ಇಲ್ಲ, ಡಿಶ್ ದೊಡ್ಡದು ಹಾಕಿದರೆ ಇಲ್ಲಿಗೂ ಸಿಗುತ್ತದೆ, ಚಂದನ ಬರುತ್ತದೆ. ಇವರು ಹೋಳಿಗೆ ಅರ್ಧಕ್ಕೆ ಬಿಟ್ಟು ಕಾಗದ ಹುಡುಕಿ ಎಲ್ಲ ಬರೆದುಕೊಂಡರು.

ಬಾಕ್ಸ್ ಮೈದುನ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ. ಆ ವರ್ಷ ಅತ್ತೆ ಬರುವಾಗ ಅದು ಅವರ ಸೂಟ್‌ಕೇಸಿನಲ್ಲಿ ಒಂದು ನೂಲಿನ ಸೀರೆ ಸುತ್ತಿಕೊಂಡು, ಆ ಕಡೆ ಹಪ್ಪಳ ಈ ಕಡೆ ತೆಂಗಿನೆಣ್ಣೆ ಇಟ್ಟುಕೊಂಡು ಬಂತು. ಏರ್‌ಪೋರ್ಟಿನಲ್ಲಿ ಪೊಲೀಸಿನವನು ಬಾಕ್ಸ್ ಬಿಟ್ಟು ಹಪ್ಪಳದ ಕಟ್ಟನ್ನೇ ಎತ್ತಿ ಎತ್ತಿ ನೋಡಿದನಂತೆ.

ಡಿಶ್ ಹಾಕಲು ಬಂದವರು ತ್ರಿಶ್ಶೂರಿನ ಒಬ್ಬ ಚೇಟ್ಟ. 25 ರಿಯಾಲ್ ಆಗುತ್ತದೆ ಅಂದರು. ಆಗಿನ ಲೆಕ್ಕದಲ್ಲಿ ಸುಮಾರು 2,800 ರೂಪಾಯಿ. ನನಗೆ ಜಾಸ್ತಿ ಅನ್ನಿಸಿತು, ಆದರೆ ಕೆಲಸ ನೋಡಿದ ಮೇಲೆ ಬಾಯಿ ಮುಚ್ಚಿದೆ. ಊರಿನಲ್ಲಿ ಎರಡಡಿ ಡಿಶ್ ಸಾಕು. ಇಲ್ಲಿ ಸಿಗ್ನಲ್ ಅಂಚಿಗೆ ಬಂದು ಬೀಳುತ್ತದೆ, ಅದಕ್ಕೆ ನಾಲ್ಕಡಿಯದ್ದು ಬೇಕು. ಎಲ್ಲರ ಡಿಶ್ ಪಡುವಕ್ಕೆ ನೋಡುವಾಗ ನಮ್ಮದೊಂದು ಬೆನ್ನು ತಿರುಗಿಸಿ ಮೂಡು-ತೆಂಕಕ್ಕೆ ಕೂತಿತು. 95 ಡಿಗ್ರಿ ಪೂರ್ವದಲ್ಲಿ ಎನ್‌ಎಸ್‌ಎಸ್-6 ಅಂತ ಉಪಗ್ರಹ, ಅದರಲ್ಲಿ ಚಂದನ.

ಚೇಟ್ಟ ತಾರಸಿಯಲ್ಲಿ ದಿಕ್ಸೂಚಿ ಹಿಡಿದು ಬೋಲ್ಟ್ ಸಡಿಲ ಮಾಡಿ ಕೂರುತ್ತಾರೆ. ಇವರು ಡಿಶ್ ತಬ್ಬಿಕೊಂಡು ನಿಲ್ಲುತ್ತಾರೆ. ಮಗಳು ಮೆಟ್ಟಿಲ ಮೇಲೆ. ನಾನು ಟಿವಿ ಮುಂದೆ, ಎರಡು ಪಟ್ಟಿ ನೋಡುತ್ತಾ. ಮೇಲಿನದು ಸ್ಟ್ರೆಂತ್, ಕೆಳಗಿನದು ಕ್ವಾಲಿಟಿ. ಸ್ಟ್ರೆಂತ್ ಎಷ್ಟು ಬಂದರೂ ಪ್ರಯೋಜನ ಇಲ್ಲ, ಅದು ಬರೀ ವೈರ್ ಇದೆ ಅಂತ ಹೇಳುವುದು. ಕ್ವಾಲಿಟಿ ಏಳಬೇಕು. ಮೇಲಿನಿಂದ ಚೇಟ್ಟ "ವನ್ನೋ?" ಅನ್ನುತ್ತಾರೆ. ಇವರು "ಬಂತಾ?" ಅನ್ನುತ್ತಾರೆ. ಮಗಳು "ಅಮ್ಮಾ, ಬಂತಾ?" ಅಂತ ಓಡಿ ಬರುತ್ತಾಳೆ. ನಾನು "ಬಂತು, ಬಂತು, ಅಯ್ಯೋ ಹೋಯ್ತು" ಅನ್ನುತ್ತೇನೆ. ಅವಳು "ಬಂತು" ಅನ್ನುವಷ್ಟನ್ನು ಕೇಳಿಸಿಕೊಂಡು ಓಡುತ್ತಾಳೆ. ಮೇಲೆ ಬೋಲ್ಟ್ ಬಿಗಿ ಮಾಡುತ್ತಾರೆ. ಕೆಳಗೆ ಕಪ್ಪು ತೆರೆ. ಹೀಗೆ ಎರಡೂವರೆ ಗಂಟೆ. ಕೊನೆಗೆ ಅತ್ತೆಯೇ ಮೆಟ್ಟಿಲ ಮೇಲೆ ಹೋಗಿ ಕೂತರು. ಹೋಟೆಲಿನ ಅಡುಗೆಮನೆಗೆ ಆರ್ಡರ್ ಕೂಗುವವರ ಹಾಗೆ ಅವರು ಒಂದೊಂದು ಅಂಕಿಯನ್ನೂ ಕೂಗಿ ಹೇಳಿದರು. ಹತ್ತು ನಿಮಿಷದಲ್ಲಿ ಚಿತ್ರ ಬಂತು.

ಮೊದಲ ಚಿತ್ರ ಏನು ಗೊತ್ತಾ? ಒಬ್ಬ ಪಶುವೈದ್ಯರು. ದನಗಳ ಕಾಲುಬಾಯಿ ರೋಗದ ಬಗ್ಗೆ ಹೇಳುತ್ತಿದ್ದರು. ಸುತ್ತ ಒಂದು ದನ ಇಲ್ಲ, ಒಂದು ಹುಲ್ಲುಕಡ್ಡಿ ಇಲ್ಲ, ಬರೀ ಕಂದು ಬೆಟ್ಟ. ಆದರೂ ನಾವೆಲ್ಲ ಅರ್ಧ ಗಂಟೆ ಅಲ್ಲಾಡದೆ ಕೂತು ನೋಡಿದೆವು. ಚೇಟ್ಟನೂ ಚಹಾ ಕುಡಿಯುತ್ತಾ ನೋಡಿದರು. ಬಾಯಿ ಹುಣ್ಣಿಗೆ ಅಡುಗೆ ಸೋಡಾದ ನೀರಿನಿಂದ ತೊಳೆಯಿರಿ ಅಂದಾಗ ಅತ್ತೆ "ಹೌದು, ನಾವೂ ಅದನ್ನೇ ಮಾಡ್ತಿದ್ದೆವು" ಅಂತ ಟಿವಿಗೇ ಹೇಳಿದರು.

ಆಮೇಲೆ ದಿನಚರಿಯೇ ಬದಲಾಯಿತು. ಮಸ್ಕತ್ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಊರಲ್ಲಿ ರಾತ್ರಿ ಒಂಬತ್ತೂವರೆಯ 'ಥಟ್ ಅಂತ ಹೇಳಿ' ನಮಗೆ ಎಂಟಕ್ಕೇ ಬರುತ್ತಿತ್ತು, ಸರಿಯಾಗಿ ಊಟದ ಹೊತ್ತಿಗೆ. ಸರಿ ಉತ್ತರಕ್ಕೆ ಪುಸ್ತಕ ಬಹುಮಾನ ಕೊಡುವ ಕಾರ್ಯಕ್ರಮ ಅದು. ಇವರು ಅನ್ನ ಕಲಸುತ್ತಾ ಉತ್ತರ ಹೇಳುವುದು, ತಪ್ಪಾದರೆ "ನಾನೂ ಅದನ್ನೇ ಹೇಳಬೇಕು ಅಂತಿದ್ದೆ" ಅನ್ನುವುದು. ಮಗಳು ತೆರೆ ಮೇಲಿನ ಪ್ರಶ್ನೆ ನೋಡಿ ನೋಡಿ ಕನ್ನಡ ಅಕ್ಷರ ಕಲಿತಳು. ನಾನು ಅರೇಬಿಕ್ ಕಲಿತ ಹಾಗೆಯೇ.

2007ರ ಜೂನ್ 5ರಂದು ರಾತ್ರಿ ಗೋನು ಬಂತು. ಆ ಚಂಡಮಾರುತದ ಬಗ್ಗೆ ಒಮಾನ್ ಟಿವಿ ಬೆಳಗ್ಗಿಂದ ಹೇಳುತ್ತಲೇ ಇತ್ತು. ಕರಾವಳಿಯವರು ನಾವು, ಮಳೆ ಎಂದರೆ ಏನು ಮಹಾ ಅಂತ ಪಕೋಡ ಕರಿಯುತ್ತಿದ್ದೆ. ಮಧ್ಯರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ನೋಡಿದರೆ ಅಲ್ಲಿನವರು ವಾದಿ ಅನ್ನುವ ಒಣ ಹಳ್ಳದಲ್ಲಿ ನದಿ, ನದಿಯಲ್ಲಿ ಕಾರುಗಳು. ಆ ದೇಶದಲ್ಲಿ ಸುಮಾರು ಐವತ್ತು ಜನ ತೀರಿಕೊಂಡರು. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳು ನಿಂತುಹೋಗಿ ಕುಡಿಯುವ ನೀರಿಗೂ ತತ್ವಾರ. ಟಿವಿ ಯಾರಿಗೆ ಬೇಕಿತ್ತು? ಪಕ್ಕದ ಅಜ್ಜಿಯ ಮನೆಯಲ್ಲಿ ಸೆಲ್ ಹಾಕುವ ರೇಡಿಯೊ ಇತ್ತು, ಎರಡು ಮನೆಯವರೂ ಅದರ ಸುತ್ತ ಕೂತಿದ್ದೆವು.

ಕರೆಂಟ್ ಬಂದ ಮೇಲೆ ತಾರಸಿಗೆ ಹೋದರೆ ಪಡುವಕ್ಕೆ ನೋಡುವ ಹಳೆ ಡಿಶ್ ಹಾಗೇ ಇದೆ. ನಮ್ಮ ನಾಲ್ಕಡಿಯದ್ದು ಇಲ್ಲ. ಮೂರು ಮನೆ ಆಚೆ ಒಂದು ನೀರಿನ ಟ್ಯಾಂಕಿಗೆ ಸಿಕ್ಕಿಕೊಂಡಿತ್ತು. ಇವರೂ ಚೇಟ್ಟನೂ ಅದನ್ನು ಹೊತ್ತು ತಂದು, ಉಬ್ಬು ತಗ್ಗು ಬಡಿದು ಸರಿ ಮಾಡಿ, ಕಂಬಕ್ಕೆ ಬಣ್ಣದಲ್ಲಿ ಮಾಡಿದ್ದ ಗುರುತಿಗೆ ಸರಿಯಾಗಿ ಕೂರಿಸಿದರು. ಕ್ವಾಲಿಟಿ ಸೊನ್ನೆ. ಡಿಶ್ ಮುಂದೆ ಸಿಗ್ನಲ್ ಹಿಡಿಯಲು ಕೂರಿಸುವ ಎಲ್‌ಎನ್‌ಬಿ ಬದಲಿಸಿದರು, ಸೊನ್ನೆ. ವೈರ್ ಬದಲಿಸಿದರು, ಸೊನ್ನೆ. ಡಿಶ್ ಡೊಂಕಾಗಿದೆ, ಹೊಸದು ಬೇಕು ಅಂತ ಇನ್ನೇನು ದುಡ್ಡು ಎಣಿಸಬೇಕು, ಅಷ್ಟರಲ್ಲಿ ಮೈದುನನ ಫೋನ್ ಬಂತು. ದೂರದರ್ಶನದವರು ಆ ವರ್ಷವೇ ಹೊಸ ಇನ್ಸಾಟ್-4ಬಿಗೆ ಹೋಗಿದ್ದರು. 93.5 ಡಿಗ್ರಿ. ಅಂದರೆ ಒಂದೂವರೆ ಡಿಗ್ರಿ ವ್ಯತ್ಯಾಸ. ಡಿಶ್‌ನ ಅಂಚು ಎರಡು ಬೆರಳು ಸರಿಸಿದಷ್ಟು. ಇವರು ಡಿಶ್ ತಬ್ಬಿ ಎರಡು ಬೆರಳು ಸರಿಸಿದರು. ಕೆಳಗಿನಿಂದ ನಾನು ಕೂಗಿದ್ದು ಇಡೀ ರುವಿಗೆ ಕೇಳಿರಬೇಕು.

ಇಷ್ಟೆಲ್ಲ ಮಾಡಿದರೂ ರಂಜಾನ್ ತಿಂಗಳಲ್ಲಿ ಮಾತ್ರ ಮೂಡದ ಡಿಶ್‌ಗೆ ರಜೆ. ಆಗ ಅರೇಬಿಕ್ ಟಿವಿಗೆ ನಮ್ಮ ದಸರಾ, ದೀಪಾವಳಿ ಎಲ್ಲ ಒಟ್ಟಿಗೆ ಬಂದ ಹಾಗೆ. ವರ್ಷದ ಒಳ್ಳೆಯ ಧಾರಾವಾಹಿಗಳೆಲ್ಲ ಆ ತಿಂಗಳಿಗೇ ಇಟ್ಟಿರುತ್ತಾರೆ. ಮೂವತ್ತು ದಿನ, ಮೂವತ್ತು ಕಂತು, ಹಬ್ಬದ ಹೊತ್ತಿಗೆ ಕಥೆ ಮುಗಿಯಲೇಬೇಕು. ನಮ್ಮ ಧಾರಾವಾಹಿಯವರು ಇದೊಂದನ್ನು ಕಲಿತಿದ್ದರೆ! ಪಕ್ಕದ ಅಜ್ಜಿ ಮಕ್ಕಳನ್ನು ಸಂಜೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಲುಕೈಮಾತ್ ಅಂತ ಒಂದು ಸಿಹಿ, ಮಂಗಳೂರು ಬನ್ಸ್‌ನ ಮರಿಗಳ ಹಾಗೆ ಇರುತ್ತದೆ, ಖರ್ಜೂರದ ಪಾಕದಲ್ಲಿ ಅದ್ದಿದ್ದು. ಮಸ್ಕತ್‌ನಲ್ಲಿ ಸೂರ್ಯ ಮುಳುಗಿ ಆಜಾನ್ ಆದ ಕೂಡಲೇ ಎಲ್ಲರಿಗೂ ಒಂದೊಂದು ಖರ್ಜೂರ. ಹತ್ತು ಹನ್ನೆರಡು ನಿಮಿಷ ಬಿಟ್ಟು ದುಬೈ ಚಾನೆಲ್‌ನಲ್ಲಿ ಫಿರಂಗಿ ಹಾರಿಸುತ್ತಾರೆ, ಅಲ್ಲಿ ಆಗ ಹೊತ್ತು ಮುಳುಗುವುದು. ಮಗ ಚಪ್ಪಾಳೆ ತಟ್ಟಿ ಎರಡನೆಯ ಖರ್ಜೂರಕ್ಕೆ ಕೈ ಚಾಚುತ್ತಿದ್ದ. ಇನ್ನೂ ಅರ್ಧ ಗಂಟೆ ಆದ ಮೇಲೆ ಕುವೈತ್‌ನ ನಾಯಿಫ್ ಅರಮನೆಯ ಫಿರಂಗಿ. ಮೂರನೆಯದು. ಉಪವಾಸವೇ ಮಾಡದವನು ದಿನಕ್ಕೆ ಮೂರು ಸಲ ಉಪವಾಸ ಬಿಡುತ್ತಿದ್ದ. ಅಜ್ಜಿ ಮೊರಾಕ್ಕೊ ಚಾನೆಲ್ ಇದೆ ಅಂತ ಅವನಿಗೆ ಹೇಳಲೇ ಇಲ್ಲ.

ಈಗ ಅತ್ತೆಯ ಧಾರಾವಾಹಿಗೆ ಬರುತ್ತೇನೆ. 2008ರಲ್ಲಿ ಟರ್ಕಿಯ ಒಂದು ಧಾರಾವಾಹಿ ಸಿರಿಯಾದ ಆಡುಮಾತಿಗೆ ಡಬ್ ಆಗಿ ಇಡೀ ಅರಬ್ ಲೋಕವನ್ನು ಹಿಡಿದು ಕೂರಿಸಿತು. ಆಮೇಲೆ ಅಂಥವು ಸಾಲು ಸಾಲು. 2012ರ ಚಳಿಗಾಲದಲ್ಲಿ ಅತ್ತೆ ಅಂಥ ಒಂದಕ್ಕೆ ಸಿಕ್ಕಿಬಿದ್ದರು. ಕನ್ನಡ ಚಾನೆಲ್ ಇದೆ ಅತ್ತೆ, ಹಾಕಲಾ ಅಂದರೆ "ಇರ್ಲಿ, ಇದೇ ಕಾಂಬ" ಅನ್ನುತ್ತಿದ್ದರು. ನಾನು ಗೊತ್ತಿದ್ದಷ್ಟು ಅರ್ಥ ಹೇಳಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. ಕಥೆ ಅವರಿಗೇ ಗೊತ್ತಾಗುತ್ತಿತ್ತು.

ನಾಯಕಿಗೆ ಜಲಜ ಅಂತ ಹೆಸರಿಟ್ಟರು. ನಾಯಕ ಸುರೇಶ. ಮುಖ ಸಿಂಡರಿಸುವ ಅತ್ತೆ ಪಾತ್ರದವಳು ಹಂಗಳೂರು ಅಕ್ಕ, ಯಾಕೆಂದರೆ ಹಂಗಳೂರಿನಲ್ಲಿ ಹಾಗೇ ಮುಖ ಮಾಡುವ ಒಬ್ಬರು ಇದ್ದರಂತೆ. ಒಂದು ದೃಶ್ಯದಲ್ಲಿ ದೊಡ್ಡ ಮನೆಯ ಯಜಮಾನ ಒಂದು ಕಾಗದ ತಂದು ಇಡುತ್ತಾನೆ, ಜಲಜ ಅಳುತ್ತಾ ಸಹಿ ಹಾಕುತ್ತಾಳೆ. ಅತ್ತೆ ನೆಟ್ಟಗೆ ಕೂತರು. "ಡಿಕ್ಲರೇಶನ್ ಕೊಟ್ಟಾಯ್ತು" ಅಂದರು. 1974ರ ಭೂಸುಧಾರಣೆ ಬಂದಾಗ ನಮ್ಮ ಕಡೆ ಒಕ್ಕಲುಗಳೆಲ್ಲ ಗೇಣಿಗೆ ಮಾಡುತ್ತಿದ್ದ ಭೂಮಿ ತಮಗೆ ಬರಬೇಕು ಅಂತ ಡಿಕ್ಲರೇಶನ್ ಕೊಟ್ಟದ್ದು, ಮನೆ ಮನೆಗಳ ಮಾತು ಬಿಟ್ಟದ್ದು, ಟ್ರಿಬ್ಯೂನಲ್‌ಗೆ ಅಲೆದದ್ದು ಅವರ ತಲೆಮಾರಿನವರಿಗೆ ನಿನ್ನೆಯ ಮಾತು. ಇಸ್ತಾಂಬುಲ್‌ನ ಸಮುದ್ರದ ಬದಿಯ ಆ ಬಂಗಲೆ ಅವತ್ತಿನಿಂದ ಧಣಿಗಳ ಮನೆ. ಜಲಜನ ಅಪ್ಪ ಗೇಣಿ ಒಕ್ಕಲು. ಸುರೇಶ ಧಣಿಯ ಮಗನಾದರೂ ಒಕ್ಕಲಿನ ಕಡೆ. ಎಷ್ಟು ಚೆನ್ನಾಗಿ ಹೊಂದುತ್ತಿತ್ತು ಎಂದರೆ ಇವರೂ ಕೆಲಸದಿಂದ ಬಂದು "ಕೇಸ್ ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದರು.

ವೀಸಾ ಮುಗಿದು ಡೊಂಬಿವಲಿಗೆ ಹೋದ ಮೇಲೆ ಅತ್ತೆ ಮಧ್ಯಾಹ್ನ ಪ್ಯಾಸೇಜಿನಲ್ಲಿ ಕೂತು ಕಥೆ ಹೇಳಿದರು. ಕೇಳಲು ನಮ್ಮ ಬಿಲ್ಡಿಂಗಿನ ಹೆಂಗಸರು, ಇಬ್ಬರು ನಮ್ಮ ಕಡೆಯವರು, ಒಬ್ಬರು ತುಳುವರು, ಒಬ್ಬರು ಹುಬ್ಬಳ್ಳಿಯವರು. ಹುಬ್ಬಳ್ಳಿಯವರಿಗೆ ಡಿಕ್ಲರೇಶನ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಯಿತಂತೆ. ಮುಂದೆ ಏನಾಯಿತು ಅಂತ ತಿಳಿಯಲು ಅತ್ತೆ ನನಗೆ ಫೋನ್ ಮಾಡುವುದು. ನಾನು ಅರೇಬಿಕ್ ಅರ್ಥ ಮಾಡಿಕೊಂಡು ನಿಜ ಹೇಳುವ ಹಾಗಿಲ್ಲ, ಯಾರು ಅತ್ತರು, ಯಾರು ಬಾಗಿಲು ಹಾಕಿದರು, ಯಾರ ಕೈಯಲ್ಲಿ ಕಾಗದ ಇತ್ತು, ಅಷ್ಟೇ ಹೇಳಬೇಕು. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಿದ್ದರು.

2014ರಲ್ಲಿ ನಾವು ಗಂಟುಮೂಟೆ ಕಟ್ಟಿ ವಾಪಸ್ ಬಂದೆವು. ಡಿಶ್ ಎರಡನ್ನೂ ತಾರಸಿಯಲ್ಲೇ ಬಿಟ್ಟೆವು. ಮಾರನೆಯ ವರ್ಷ ಇಲ್ಲಿನ ಒಂದು ಹಿಂದಿ ಚಾನೆಲ್‌ನಲ್ಲಿ ಟರ್ಕಿ ಧಾರಾವಾಹಿಗಳು ಹಿಂದಿಗೆ ಡಬ್ ಆಗಿ ಬರತೊಡಗಿದವು. ಒಂದು ದಿನ ತುಳುವ ಅಕ್ಕ ಬಾಗಿಲು ಬಡಿದರು. "ಬೇಗ ಬನ್ನಿ, ನಿಮ್ಮ ಜಲಜ ಬಂದಿದ್ದಾಳೆ!"

ಎಲ್ಲರೂ ನಮ್ಮ ಮನೆಯಲ್ಲೇ ಸೇರಿದರು. ಮೊದಲ ವಾರ ಸಂಭ್ರಮ. ಆಮೇಲೆ ಗಲಾಟೆ. ಹಿಂದಿಯಲ್ಲಿ ಕೇಳಿದರೆ ಜಲಜನ ಅಪ್ಪ ಒಕ್ಕಲೇ ಅಲ್ಲ, ಒಂದು ಅಂಗಡಿ ಇಟ್ಟವ. ಧಣಿ ಅವಳ ದೂರದ ನೆಂಟ. ಆ ಕಾಗದ ಬಂದ ದಿನ ಮನೆ ಪೂರ್ತಿ ಉಸಿರು ಹಿಡಿದು ಕೂತಿತ್ತು. ಅದು ವಿಚ್ಛೇದನದ ಕಾಗದ. ಎಲ್ಲರೂ ಅತ್ತೆಯ ಮುಖ ನೋಡಿದರು. ನನಗೆ ಅಯ್ಯೋ ಅನ್ನಿಸಿತು, ಪಾಪ, ಇಷ್ಟು ವರ್ಷ ಹೇಳಿದ ಕಥೆ. ಅತ್ತೆ ಎಲೆ ಅಡಿಕೆ ಮಡಚುತ್ತಾ ತಲೆ ಎತ್ತದೆ ಹೇಳಿದರು, "ಹಿಂದಿಯವರಿಗೆ ಡಿಕ್ಲರೇಶನ್ ಎಲ್ಲಿ ಗೊತ್ತು? ತಪ್ಪು ಡಬ್ ಮಾಡಿದ್ದಾರೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಬ್ಬಳ್ಳಿಯವರು ಎದ್ದು ರಿಮೋಟ್ ಹುಡುಕಿ ಸೌಂಡ್ ಬಂದ್ ಮಾಡಿದರು. "ನೀವ ಹೇಳ್ರಿ ಅಜ್ಜಿ, ಮುಂದ ಏನಾತು?" ಆ ಧಾರಾವಾಹಿ ಮುಗಿಯುವವರೆಗೂ ನಮ್ಮ ಮನೆಯ ಟಿವಿಯಲ್ಲಿ ಅದು ಮೂಕಿಯಾಗಿಯೇ ಓಡಿತು.

ಫಾರಂನ ವಿಷಯ ಹೇಳಲು ಮರೆತೆ. ಕೂಡಿಸಿ ಕಳೆದು, ಮಗನ ಸ್ಪೋರ್ಟ್ಸ್ ಪರೀಕ್ಷೆ ಮುಗಿಯುವವರೆಗೆ ಬೇಡ ಅಂತ, ಇವರ ಸುದ್ದಿಯಲ್ಲಿ ಒಂದು ಭಾಷೆ ಕಡಿಮೆ ಮಾಡಿ, ಅಂತೂ ಗುರುತು ಹಾಕಿ ಕೊಟ್ಟೆವು. ಕೇಬಲ್ ಹುಡುಗ ಹೋದ ಮೇಲೆ ಮಗಳು ತನ್ನ ಫೋನನ್ನು ಟಿವಿಗೆ ಜೋಡಿಸಿ ಯೂಟ್ಯೂಬಿನಲ್ಲಿ ಒಂದು ಅರೇಬಿಕ್ ಧಾರಾವಾಹಿ ಹಾಕಿದಳು. ಒಳಗಿನ ಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ನಿಧಾನ ಬಂದು ಕೂತರು.

"ಸೌಂಡ್ ತೆಗಿ ಮಗಾ."

ಅವಳು ತೆಗೆದಳು. ತೆರೆ ಮೇಲೆ ಬಿಳಿ ಗಡ್ಡದ ಒಬ್ಬ ಮುದುಕ, ಎದುರಿಗೆ ತಲೆ ತಗ್ಗಿಸಿ ನಿಂತ ಒಬ್ಬ ಹುಡುಗ, ಇಬ್ಬರ ನಡುವೆ ಮೇಜಿನ ಮೇಲೆ ಎರಡು ಲೋಟ ಚಹಾ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಒಂದು ನಿಮಿಷ ನೋಡಿದರು.

"ಗೇಣಿ ಬಾಕಿ ಉಂಟು" ಅಂದರು.